ಮೂರನೇ ಸಲಕ್ಕೆ ಸಿಕ್ಕ ಕಲ್ಲು: ಒರೆಗಾನ್ ದಂಡೆಯಲ್ಲಿ ಅಗೇಟ್ ಹೆಕ್ಕಿದ ಕಥೆ

ಅಪ್ಪ ಅಮ್ಮ ಇಬ್ಬರನ್ನೂ ವಿಮಾನ ಹತ್ತಿಸಿ ಬಂದು ಇವತ್ತಿಗೆ ಹನ್ನೆರಡು ದಿನ. ಗ್ಯಾರೇಜಿನಲ್ಲಿ ಕಲ್ಲು ಉಜ್ಜುವ ಟಂಬ್ಲರ್ ಹಗಲೂ ರಾತ್ರಿ ಗರಗರ ಎನ್ನುತ್ತಿದೆ. ಅದರೊಳಗೆ ಉರುಳುತ್ತಿರುವ ಮೂವತ್ತೆರಡು ಕಲ್ಲುಗಳಿಗಾಗಿ ಎರಡು ತಿಂಗಳಲ್ಲಿ ಮೂರು ಸಲ ಪ್ರಯಾಣದ ಏರ್ಪಾಡು ಮಾಡಿದ್ದೆ. ಒಂದು ಸಲ ಕತ್ತಲೆಯಲ್ಲಿ ಕೂತು ಬಂದೆವು, ಒಂದು ಸಲ ಹೊರಡಲೇ ಇಲ್ಲ. ಅಮೆರಿಕದ ಒರೆಗಾನ್ ಕಡಲ ದಂಡೆಗೆ ಅಗೇಟ್ ಎಂಬ ಬೆಳಕು ಹಾಯುವ ಕಲ್ಲು ಹೆಕ್ಕಲು ಹೋಗುವ ಯೋಚನೆ ಇರುವವರು ನನ್ನಷ್ಟು ದುಡ್ಡು, ರಜೆ ಕಳೆಯದಿರಲಿ ಅಂತ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಅಪ್ಪ ಅಮ್ಮ ಊರಿಂದ ಬೇಸಿಗೆಯಲ್ಲಿ ಬರಬೇಕಿತ್ತು. ವೀಸಾ ಸಂದರ್ಶನಕ್ಕೆ ದಿನಾಂಕ ಸಿಗುವಷ್ಟರಲ್ಲಿ ಊರಲ್ಲಿ ಮಳೆಗಾಲವೇ ಮುಗಿದಿತ್ತು. ಬಂದಿಳಿದದ್ದು ಡಿಸೆಂಬರ್ ನಡುವಿನಲ್ಲಿ. ನಾನಿರುವ ಪೋರ್ಟ್‌ಲೆಂಡ್ ಕಡೆಯ ಡಿಸೆಂಬರ್ ಅಂದರೆ ನಾಲ್ಕೂವರೆಗೆ ಕತ್ತಲೆ, ಬೆಳಕಿದ್ದಷ್ಟು ಹೊತ್ತೂ ಜಿಟಿಜಿಟಿ ಮಳೆ. ಮಲ್ಪೆ ಕಡಲಿನ ಗಾಳಿಯಲ್ಲಿ ಬೆಳೆದು, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಅಪ್ಪ ಎರಡು ವಾರ ಕಿಟಕಿ ನೋಡುತ್ತಾ ಕೂತರು. ಆಮೇಲೊಂದು ದಿನ ಪಕ್ಕದ ಮನೆಯಾಕೆ, ಕಡಲ ಬದಿಯ ನ್ಯೂಪೋರ್ಟ್ ಊರಿನ ಹತ್ತಿರ ಸಿಕ್ಕಿದ್ದು ಅಂತ ಜೇನಿನ ಬಣ್ಣದ ಒಂದು ಕಲ್ಲು ಕೊಟ್ಟರು. ಅಪ್ಪ ಅದನ್ನು ದೀಪಕ್ಕೆ ಹಿಡಿದು ನೋಡಿದವರು ಮತ್ತೆ ಕೆಳಗಿಡಲಿಲ್ಲ. "ಅಗೇಟ್ ಮಾರಾಯ್ತಿ ಇದು. ಪಾಠ ಮಾಡಿದ್ದೇ ಬಂತು, ಕೈಯಲ್ಲಿ ಹಿಡಿದದ್ದು ಈಗ."

ಹೋಗೋಣ ಅಂದೆ. ಆಗ ಅವರು ಕೇಳಿದ ಮೊದಲ ಪ್ರಶ್ನೆಯೇ ನನ್ನ ಎರಡು ವಾರ ತಿಂದಿತು: "ಪರ್ಮಿಷನ್ ಬೇಡವಾ?"

ಅವರ ಕೇಳಿಕೆಯಲ್ಲಿ ನ್ಯಾಯವಿತ್ತು. ಮಲ್ಪೆಯಿಂದ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ವರ್ಷವರ್ಷ ಮಕ್ಕಳನ್ನು ಕರಕೊಂಡು ಹೋಗುತ್ತಿದ್ದವರು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿನ ಕಂಬಗಲ್ಲುಗಳ ಒಂದು ಚೂರನ್ನೂ ಕಿಸೆಗೆ ಹಾಕಬಾರದು ಅಂತ ಬೋಟು ಹತ್ತುವ ಮುಂಚೆಯೇ ಮಕ್ಕಳಿಗೆ ತಾಕೀತು ಮಾಡುತ್ತಿದ್ದವರಿಗೆ, ಅಮೆರಿಕದಲ್ಲಿ ಬಕೆಟ್ ಹಿಡಿದು ಕಲ್ಲು ತುಂಬಿಕೊಳ್ಳಬಹುದು ಅಂದರೆ ನಂಬಿಕೆ ಬರಲಿಲ್ಲ.

ನಾನು ಫೋನು ಹಿಡಿದೆ. ಒಂದು ಕಚೇರಿಯವರು ಅದು ನಮ್ಮದಲ್ಲ ಅಂದರು, ಇನ್ನೊಂದರಲ್ಲಿ ಯಂತ್ರದ ದನಿಯೇ ಉತ್ತರ ಕೊಟ್ಟಿತು, ಮೂರನೆಯದಕ್ಕೆ ಇಮೇಲ್ ಹಾಕಿದೆ. ಒಂಬತ್ತು ದಿನದ ಮೇಲೆ ಎರಡು ಸಾಲಿನ ಉತ್ತರ ಬಂತು. ಅಷ್ಟರೊಳಗೆ ನಾನೇ ಓದಿ ತಿಳಿದುಕೊಂಡಿದ್ದೆ. ನಿಮಗೆ ಇಷ್ಟು ಗೊತ್ತಿದ್ದರೆ ಸಾಕು. ಒರೆಗಾನ್‌ನ 363 ಮೈಲಿ ಕಡಲ ದಂಡೆಯಲ್ಲಿ ಸಾರ್ವಜನಿಕರಿಗೆ ಓಡಾಡುವ ಹಕ್ಕುಂಟು. 1913ರಲ್ಲಿ ಗವರ್ನರ್ ಓಸ್ವಾಲ್ಡ್ ವೆಸ್ಟ್ ಕಾಲದಲ್ಲಿ ಒದ್ದೆ ಮರಳನ್ನು ಹೆದ್ದಾರಿ ಅಂತ ಘೋಷಿಸಿ ಉಳಿಸಿಕೊಂಡರು, 1967ರ ಬೀಚ್ ಕಾಯ್ದೆ ಅದನ್ನು ಗಿಡಗಂಟಿ ಶುರುವಾಗುವ ಗೆರೆಯವರೆಗೆ ವಿಸ್ತರಿಸಿತು. ಆ ದಂಡೆಯಲ್ಲಿ ಸ್ವಂತಕ್ಕೆ ಕಲ್ಲು ಹೆಕ್ಕಲು ಪರವಾನಿಗೆ ಬೇಡ. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ (ಸುಮಾರು 3.8 ಲೀಟರ್ ಹಿಡಿಯುವಷ್ಟು), ವರ್ಷಕ್ಕೆ ಮೂರು ಗ್ಯಾಲನ್. ಮಾರುವಂತಿಲ್ಲ, ದಂಡೆಯ ಪಕ್ಕದ ಗುಡ್ಡದ ಗೋಡೆ ಕೆದಕುವಂತಿಲ್ಲ. ಗೊಂದಲ ಆಗುವುದು ಜಾಗದ ಒಡೆತನದಲ್ಲಿ. ಅದೇ ದಂಡೆಯ ನಡುವೆ ಕೇಂದ್ರ ಸರ್ಕಾರದ ಯಾಕ್ವಿನಾ ಹೆಡ್‌ನಂಥ ತುಂಡುಗಳಿವೆ, ಅಲ್ಲಿಂದ ಒಂದು ಚಿಪ್ಪನ್ನೂ ತರುವಂತಿಲ್ಲ. ಕಡಲೊಳಗೆ ಎದ್ದು ನಿಂತ ಬಂಡೆಗಳು ವನ್ಯಜೀವಿಗಳ ಆಸರೆಗೆ ಮೀಸಲು, ಹತ್ತುವುದೂ ತಪ್ಪು. ಹೊರಡುವ ಮುಂಚೆ ನಿಮ್ಮ ನಿರ್ದಿಷ್ಟ ಬೀಚಿನ ನಿಯಮ ನೋಡಿಕೊಳ್ಳಿ. ಅಪ್ಪ ಆ ನಿಯಮದ ಪುಟ ಪ್ರಿಂಟ್ ಮಾಡಿಸಿ, ನಾಲ್ಕು ಮಡಿಕೆ ಮಾಡಿ ಜಾಕೆಟಿನ ಒಳಕಿಸೆಗೆ ಹಾಕಿಕೊಂಡರು. ವಾಪಸ್ ವಿಮಾನ ಹತ್ತುವವರೆಗೆ ಅದು ಅಲ್ಲೇ ಇತ್ತು.

ಬಕೆಟಿಗೆ ದುಡ್ಡು ಹಾಕಬೇಡಿ. ಇಲ್ಲಿ ಹಾಲು ಬರುವ ದೊಡ್ಡ ಪ್ಲಾಸ್ಟಿಕ್ ಕ್ಯಾನು ಸರಿಯಾಗಿ ಒಂದು ಗ್ಯಾಲನ್. ಹಿಡಿ ಉಳಿಯುವ ಹಾಗೆ ಮೇಲ್ಭಾಗ ಕತ್ತರಿಸಿದರೆ ಅಳತೆಯೂ ಅದೇ, ಪಾತ್ರೆಯೂ ಅದೇ.

ಮೊದಲ ಸಲ ನಾನು ಮಾಡಿದ್ದು ಶುದ್ಧ ದಡ್ಡತನ. ನ್ಯೂಪೋರ್ಟಿನ ಉತ್ತರಕ್ಕೆ ಅಗೇಟ್ ಬೀಚ್ ಅಂತಲೇ ಒಂದು ಜಾಗವಿದೆ. ಹೆಸರೇ ಹೇಳುತ್ತದಲ್ಲ, ಮತ್ತೇನು ನೋಡಬೇಕು? ಸರ್ಕಾರದ ಉಬ್ಬರ ಇಳಿತದ ಪಟ್ಟಿಯಲ್ಲಿ ನ್ಯೂಪೋರ್ಟಿನ ಸೌತ್ ಬೀಚ್ ಅನ್ನುವ ಅಳತೆ ಠಾಣೆ ತೆಗೆದು, ಜನವರಿಯಲ್ಲಿ ಅತಿ ಕಡಿಮೆ ಅಂಕಿ ಇದ್ದ ದಿನ ಹುಡುಕಿದೆ. ಮೈನಸ್ 1.6 ಅಡಿ. ಆ ಪಟ್ಟಿಯಲ್ಲಿ ಸೊನ್ನೆ ಅಂದರೆ ದಿನದ ಎರಡು ಇಳಿತಗಳಲ್ಲಿ ಹೆಚ್ಚು ತಗ್ಗಿನದರ ಸರಾಸರಿ. ಮೈನಸ್ ಇದ್ದರೆ ನೀರು ಅದಕ್ಕಿಂತಲೂ ಹಿಂದೆ ಸರಿಯುತ್ತದೆ. ಖುಷಿಯಾಗಿ ಎರಡು ರಾತ್ರಿಗೆ ಮೋಟೆಲ್ ಬುಕ್ ಮಾಡಿದೆ, ಸ್ವಲ್ಪ ಅಗ್ಗ ಅಂತ ದುಡ್ಡು ವಾಪಸ್ ಬಾರದ ದರದಲ್ಲಿ. ತೆರಿಗೆ ಸೇರಿ 236 ಡಾಲರ್.

ಇಳಿತದ ಹೊತ್ತು ಸಂಜೆ 6.20. ಸೂರ್ಯ ಮುಳುಗುವುದು ಐದಕ್ಕೆ. ಇವೆರಡನ್ನೂ ಒಟ್ಟಿಗೆ ನೋಡಬೇಕು ಅಂತ ನನಗೆ ಹೊಳೆದದ್ದು ದಂಡೆಯಲ್ಲಿ ನಿಂತಾಗ.

ಚಳಿಗಾಲದಲ್ಲಿ ಇಲ್ಲಿ ದೊಡ್ಡ ಇಳಿತಗಳೆಲ್ಲ ಸಂಜೆ, ರಾತ್ರಿಗೇ ಬರುತ್ತವೆ. ಬೇಸಿಗೆಯಲ್ಲಿ ಬೆಳಿಗ್ಗೆ. ನಾವು ನಾಲ್ಕಕ್ಕೆ ತಲುಪಿದಾಗ ಬೆಳಕು ಆಗಲೇ ಮಂಕಾಗುತ್ತಿತ್ತು. ಅದೂ ಹೋಗಲಿ, ಕಣ್ಣು ಹಾಯಿಸಿದಷ್ಟು ದೂರ ಇಸ್ತ್ರಿ ಹಾಕಿದ ಹಾಗೆ ನುಣ್ಣನೆ ಮರಳು. ಕಲ್ಲೇ ಇಲ್ಲ. ಅಪ್ಪ ಬಗ್ಗಿ ಬಗ್ಗಿ ಅರ್ಧ ಮೈಲಿ ನಡೆದು ಮೂರು ಒಡೆದ ಚಿಪ್ಪು ತಂದರು. ಅಮ್ಮ ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತಿದ್ದರು. ಮೊಬೈಲಿನ ಟಾರ್ಚು ಹಿಡಿದು ಇನ್ನೊಂದು ಗಳಿಗೆ ಹುಡುಕಿದ ನಾಟಕ ಮಾಡಿದೆವು. ಮರುದಿನ ಪೂರ್ತಿ ಮಳೆ.

ಅಪ್ಪನಿಗೆ ಬೇಜಾರಾಗಬಾರದು ಅಂತ ಆ ಬೀಚಿನ ಬೇರೆ ಕಥೆ ಹೇಳಿದೆ. 2011ರ ಸುನಾಮಿಯಲ್ಲಿ ಜಪಾನಿನ ಮಿಸಾವದಿಂದ ಕಿತ್ತುಹೋದ 66 ಅಡಿ ಉದ್ದದ ಕಾಂಕ್ರೀಟ್ ಧಕ್ಕೆ, ಒಂದು ವರ್ಷಕ್ಕೂ ಹೆಚ್ಚು ಕಾಲ ತೇಲಿ 2012ರ ಜೂನಿನಲ್ಲಿ ಇದೇ ಅಗೇಟ್ ಬೀಚಿಗೆ ಬಂದು ಬಿದ್ದಿತ್ತು. ಅಪ್ಪ ಎಲ್ಲ ಕೇಳಿ, "ಅಷ್ಟು ದೊಡ್ಡದು ಬಂತು, ನಮಗೊಂದು ಸಣ್ಣದು ಬರ್ಲಿಲ್ಲ" ಅಂದರು.

ಆದರೆ ಮರಳಿನ ಗುಟ್ಟು ಬಿಡಿಸಿದವರೂ ಅವರೇ. ವಾಪಸ್ ಬರುವಾಗ ಹೆದ್ದಾರಿ 18ರಲ್ಲಿ, ಕಾಡಿನ ನಡುವೆ, ಇದ್ದಕ್ಕಿದ್ದಂತೆ ಅಂದರು: "ಆಟಿ ತಿಂಗಳ ಮಳೆಯಲ್ಲಿ ನಮ್ಮ ಕಡಲು ಹೊಯಿಗೆ ತಿನ್ನುವುದಿಲ್ಲವಾ? ದೀಪಾವಳಿ ಕಳೆದ ಮೇಲೆ ಮತ್ತೆ ತಂದು ಹಾಕ್ತದೆ. ಇಲ್ಲಿ ಆಟಿ ಈಗ. ದೊಡ್ಡ ಅಲೆ ಹೊಯಿಗೆ ಎಳೆದುಕೊಂಡು ಹೋದಲ್ಲಿ ಮಾತ್ರ ಅಡಿಯ ಕಲ್ಲು ಕಾಣ್ಬೇಕು." ಮನೆಗೆ ಬಂದು ಓದಿದರೆ ಅಕ್ಷರಶಃ ಅದೇ. ಚಳಿಗಾಲದ ಬಿರುಗಾಳಿ ಮರಳನ್ನು ಒಳಗೆಳೆದು ಕಡಲೊಳಗೆ ದಿಬ್ಬ ಮಾಡುತ್ತದೆ, ಅಡಿಯ ಜಲ್ಲಿಹಾಸು ತೆರೆದುಕೊಳ್ಳುತ್ತದೆ, ಬೇಸಿಗೆಯ ಸಣ್ಣ ಅಲೆಗಳು ಮತ್ತೆ ಮುಚ್ಚುತ್ತವೆ. ವೀಸಾ ತಡವಾದದ್ದು ಒಳ್ಳೆಯದೇ ಆಗಿತ್ತು. ಬೇಸಿಗೆಯಲ್ಲಿ ಬಂದಿದ್ದರೆ ಬಿಸಿಲು ಸಿಗುತ್ತಿತ್ತು, ಕಲ್ಲು ಸಿಗುವುದು ಕಷ್ಟವಿತ್ತು.

ಹಾಗಾಗಿ ಎರಡನೇ ಸಲ ಬುದ್ಧಿ ಉಪಯೋಗಿಸಿದೆ. ಹುಣ್ಣಿಮೆ ಅಮಾವಾಸ್ಯೆಯ ದಿನವೇ ಬೇಡ, ಅದಕ್ಕೆ ಮೂರು ನಾಲ್ಕು ದಿನ ಮುಂಚಿನದು ನೋಡಿದೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ಮುಂಚಿನ ದಿನಗಳಲ್ಲಿ ಅದು ಮಧ್ಯಾಹ್ನದ ಕಡೆಗೆ ಬೀಳುತ್ತದೆ. ನೀರು ಅಷ್ಟು ದೂರ ಸರಿಯುವುದಿಲ್ಲ, ಬೆಳಕು ಇರುತ್ತದೆ. ಜನವರಿ ಕೊನೆಯ ವಾರ ಹೀಗೊಂದು ದಿನ ಸಿಕ್ಕಿತು. ರಜೆ ಹಾಕಿದೆ. ಈ ಸಲ ರದ್ದು ಮಾಡಬಹುದಾದ ರೂಮು. ಹೊರಡಲು ಎರಡು ದಿನ ಇರುವಾಗ ಹವಾಮಾನ ಇಲಾಖೆಯ ಎಚ್ಚರಿಕೆ ಬಂತು: ದಂಡೆಗೆ ಭಾರಿ ಅಲೆ, ನೀರಿನ ಹತ್ತಿರ ಹೋಗಬೇಡಿ.

ಇಲ್ಲಿಯ ಕಡಲಿನಲ್ಲಿ ಸ್ನೀಕರ್ ವೇವ್ ಅಂತ ಒಂದಿದೆ, ಕಳ್ಳ ಅಲೆ. ಹತ್ತು ಇಪ್ಪತ್ತು ನಿಮಿಷ ಒಂದೇ ಗೆರೆಯವರೆಗೆ ಬಂದು ಹೋಗುತ್ತಿದ್ದ ಅಲೆ ಏಕಾಏಕಿ ಬಹಳ ಮೇಲೆ ನುಗ್ಗಿ ಬರುತ್ತದೆ. ನೀರು ತಣ್ಣಗೆ ಕೊರೆಯುತ್ತದೆ. ಜೊತೆಗೆ ದಂಡೆ ತುಂಬ ಬಿದ್ದಿರುವ ಮರದ ದಿಮ್ಮಿಗಳು. ಗೇಣುದ್ದ ನೀರಿದ್ದರೂ ಟನ್‌ಗಟ್ಟಲೆ ತೂಗುವ ದಿಮ್ಮಿ ತೇಲಿ ಉರುಳುತ್ತದೆ. ಪ್ರತಿ ಚಳಿಗಾಲದ ಸುದ್ದಿಯಲ್ಲೂ ಇದು ಇರುತ್ತದೆ. ಅರವತ್ತೆಂಟರ ಅಪ್ಪನನ್ನು ಅಲ್ಲಿಗೆ ಕರಕೊಂಡು ಹೋಗುವ ಧೈರ್ಯ ಬರಲಿಲ್ಲ. ರೂಮು ರದ್ದು ಮಾಡಲು ಫೋನು ಮಾಡಿದರೆ, 48 ಗಂಟೆ ಮುಂಚೆ ಹೇಳಬೇಕಿತ್ತು, ಈಗ 43 ಗಂಟೆ ಅಷ್ಟೇ ಉಳಿದಿದೆ ಅಂದರು. ಕಡಲಿನ ಎಚ್ಚರಿಕೆ ಅವರಿಗೆ ಕಾರಣವೇ ಅಲ್ಲ. 104 ಡಾಲರ್ ಹೋಯಿತು. ಚಳಿಗಾಲದ ಈ ದಂಡೆಗೆ ರೂಮು ಹಿಡಿಯುವಾಗ ಅದೇ ದಿನದವರೆಗೆ ರದ್ದು ಮಾಡಬಹುದಾದದ್ದು ಹತ್ತು ಡಾಲರ್ ಹೆಚ್ಚಾದರೂ ಅದನ್ನೇ ಹಿಡಿಯಿರಿ.

ಆ ರಾತ್ರಿ ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಮಾರ್ಚ್ ಮೊದಲ ವಾರಕ್ಕೆ ಅವರ ಟಿಕೆಟ್. ನನಗುಳಿದದ್ದು ಎರಡು ದಿನದ ರಜೆ. ಅಮ್ಮ, "ಕಲ್ಲಿಗಾಗಿ ಇಷ್ಟು ತಲೆಬಿಸಿಯಾ?" ಅಂದರು. ಅಪ್ಪ ಏನೂ ಅನ್ನದೆ ನನ್ನ ಲ್ಯಾಪ್‌ಟಾಪು ಎಳೆದುಕೊಂಡು ಒಂದು ಹಾಳೆಯಲ್ಲಿ ಗೆರೆ ಹಾಕತೊಡಗಿದರು. ಫೆಬ್ರವರಿಯ ಇಪ್ಪತ್ತೆಂಟು ದಿನ, ಪ್ರತಿದಿನದ ಇಳಿತದ ಹೊತ್ತು, ಅದರ ಅಡಿ, ಸೂರ್ಯಾಸ್ತ. ಕೊನೆಯ ಕಂಬ ಖಾಲಿ, ತಲೆಯಲ್ಲಿ "ಅಲೆ" ಅಂತ ಬರೆದು. ಅದನ್ನು ದಿನಾ ಬೆಳಿಗ್ಗೆ ಚಹಾ ಕುಡಿಯುತ್ತಾ ಮುನ್ಸೂಚನೆ ನೋಡಿ ಪೆನ್ಸಿಲಿನಲ್ಲಿ ತುಂಬಿಸುತ್ತಿದ್ದರು, ಅಳಿಸುತ್ತಿದ್ದರು. ಅಲೆ ಎಂಟು ಅಡಿಗಿಂತ ಹೆಚ್ಚಿದ್ದರೆ ಹೋಗುವುದಿಲ್ಲ ಅಂತ ನಾವೇ ಒಂದು ಗೆರೆ ಹಾಕಿಕೊಂಡೆವು. ಆ ಹಾಳೆಯೇ ನನ್ನ ಇಡೀ ಸಲಹೆ. ನಾಲ್ಕೂ ಕಂಬ ಹೊಂದಿದ ದಿನ ರೂಮು ಹಿಡಿಯಿರಿ, ಮೊದಲೇ ರೂಮು ಹಿಡಿದು ಕಡಲನ್ನು ಒಪ್ಪಿಸಲು ಹೋಗಬೇಡಿ.

ಫೆಬ್ರವರಿ ನಡುವಿನ ಒಂದು ಮಂಗಳವಾರ ಹೊಂದಿತು. ಇಳಿತ ಸಂಜೆ 4.25ಕ್ಕೆ, 0.3 ಅಡಿ. ಸೂರ್ಯಾಸ್ತ 5.40. ಹಿಂದಿನ ವಾರವಷ್ಟೇ ಜೋರು ಗಾಳಿಮಳೆ ಆಗಿತ್ತು. ಸೋಮವಾರ ಬೆಳಿಗ್ಗೆ ದಂಡೆಯ ಬದಿಯ ಒಂದು ಕಲ್ಲಿನ ಅಂಗಡಿಗೆ ಫೋನು ಮಾಡಿದೆ (ಅಪ್ಪನಿಗೆ "ಕಲ್ಲಂಗಡಿ" ಅಂತ ಹೇಳಿ ನಗುವುದಕ್ಕೆ ಒಂದು ವಾರ ಸಾಕಾಯಿತು). ಈ ವಾರ ಎಲ್ಲಿ ಜಲ್ಲಿ ಎದ್ದಿದೆ ಅಂತ ಕೇಳಿದ್ದಕ್ಕೆ ಆಕೆ ಒಂದು ಕ್ಷಣವೂ ಯೋಚಿಸದೆ ಬೆವರ್ಲಿ ಬೀಚಿನ ಹೆಸರು ಹೇಳಿದರು. ಈ ಒಂದು ಫೋನು ಮೊದಲ ಸಲವೇ ಮಾಡಿದ್ದರೆ!

ಮಂಗಳವಾರ ಬೆಳಿಗ್ಗೆ ಬೇಗ ಹೊರಟು ಮೊದಲು ಯಾಕ್ವಿನಾ ಹೆಡ್‌ಗೆ ಹೋದೆವು. ಕಾರಿಗೆ 7 ಡಾಲರ್. 1873ರಲ್ಲಿ ದೀಪ ಹಚ್ಚಿದ 93 ಅಡಿಯ ದೀಪಸ್ತಂಭ ಅಲ್ಲಿದೆ. ಅಪ್ಪ ಅದರ ಕಡೆ ತಿರುಗಿಯೂ ನೋಡದೆ ಮೆಟ್ಟಿಲಿಳಿದು ಕಾಬಲ್ ಬೀಚಿಗೆ ಹೋದರು. ಅಲ್ಲಿ ಮರಳೇ ಇಲ್ಲ, ತೆಂಗಿನಕಾಯಿ ಗಾತ್ರದಿಂದ ನಿಂಬೆ ಗಾತ್ರದವರೆಗಿನ ಕಪ್ಪು ಉರುಟು ಕಲ್ಲುಗಳು ಮಾತ್ರ. ಅಲೆ ಹಿಂದೆ ಸರಿಯುವಾಗ ಅವೆಲ್ಲ ಒಂದಕ್ಕೊಂದು ತಾಗಿ, ದೊಡ್ಡ ಸಭಾಂಗಣದಲ್ಲಿ ಚಪ್ಪಾಳೆ ತಟ್ಟಿದ ಹಾಗೆ ಸದ್ದು. ಸುಮಾರು 1.4 ಕೋಟಿ ವರ್ಷದ ಹಿಂದೆ ಮುನ್ನೂರು ಮೈಲಿ ಆಚೆಯಿಂದ ಹರಿದು ಬಂದ ಲಾವಾ ಇದು ಅಂತ ಫಲಕದಲ್ಲಿದ್ದದ್ದನ್ನು ಓದಿ, "ನಮ್ಮ ದ್ವೀಪದ್ದು ಎಂಟೂಮುಕ್ಕಾಲು ಕೋಟಿ. ಮಡಗಾಸ್ಕರ್ ನಮ್ಮಿಂದ ಬಿಟ್ಟುಹೋದಾಗಿನದ್ದು. ಇದು ಮೊನ್ನೆಯ ಮಗು" ಅಂದರು. ಒಂದು ಕಲ್ಲನ್ನು ಎತ್ತಿ, ತಿರುಗಿಸಿ ನೋಡಿ, ಎತ್ತಿದ ಜಾಗಕ್ಕೇ ಇಟ್ಟರು.

ಎರಡೂ ಕಾಲಿಗೆ ಬೆವರ್ಲಿ ಬೀಚ್. ಪಾರ್ಕಿಂಗಿನಿಂದ ತೊರೆಯ ಬದಿಯಲ್ಲಿ, ಹೆದ್ದಾರಿ ಸೇತುವೆಯ ಅಡಿಯಲ್ಲಿ ನಡೆದರೆ ದಂಡೆ. ಇಳಿತಕ್ಕೆ ಎರಡು ಗಂಟೆ ಮುಂಚೆ ತಲುಪಿ, ಸರಿಯುವ ನೀರಿನ ಹಿಂದೆಯೇ ಇಳಿಯುತ್ತಾ ಹೋಗುವುದು ಕ್ರಮ. ಇಳಿತ ಮುಗಿದ ಮೇಲೆ ನೀರು ನಿಮ್ಮತ್ತ ಬರುತ್ತಿರುತ್ತದೆ, ಆಗ ವಾಪಸ್ ಹೊರಡಬೇಕು. ಅಮ್ಮನಿಗೆ ಒಂದೇ ಕೆಲಸ: ಕಲ್ಲು ನೋಡಬಾರದು, ಕಡಲು ಮಾತ್ರ ನೋಡಬೇಕು. ಮೂವರಲ್ಲಿ ಒಬ್ಬರಾದರೂ ಹೀಗಿರಲೇಬೇಕು, ಯಾಕೆಂದರೆ ಬಗ್ಗಿದವರಿಗೆ ಹೊತ್ತೂ ಗೊತ್ತಾಗುವುದಿಲ್ಲ, ಅಲೆಯೂ ಗೊತ್ತಾಗುವುದಿಲ್ಲ.

ಮರಳಿನ ನಡುವೆ ಅಲ್ಲಲ್ಲಿ ಉದ್ದಕ್ಕೆ ಜಲ್ಲಿಯ ಪಟ್ಟಿಗಳು ಎದ್ದಿದ್ದವು. ಮೊದಲ ಅರ್ಧ ಗಂಟೆ ಹೊಳೆದದ್ದೆಲ್ಲ ಅಗೇಟ್. ಬಿಳಿ ಬೆಣಚುಕಲ್ಲು, ಸವೆದ ಬಾಟಲಿ ಚೂರು, ಎಲ್ಲ ಕ್ಯಾನಿಗೆ ಹಾಕಿದೆ. ಅಪ್ಪ ಒಂದೊಂದನ್ನೇ ತೆಗೆದು ಸಣ್ಣ ಚಾಕುವಿನಿಂದ ಗೀಚಿದರು. ಅಗೇಟ್ ಆದರೆ ಕಾಠಿಣ್ಯ ಹತ್ತರ ಅಳತೆಯಲ್ಲಿ ಏಳರ ಹತ್ತಿರ, ಚಾಕುವೇ ಸವೆದು ಬೂದು ಗೆರೆ ಉಳಿಯುತ್ತದೆ, ಒರೆಸಿದರೆ ಹೋಗುತ್ತದೆ. ಮೆತ್ತಗಿನ ಕಲ್ಲಾದರೆ ಗೀರು ಬೀಳುತ್ತದೆ. ಬೆಣಚುಕಲ್ಲಿಗೂ ಗಾಜಿನ ಕೆಲವು ಚೂರಿಗೂ ಈ ಪರೀಕ್ಷೆ ನಡೆಯುವುದಿಲ್ಲ. ಅದಕ್ಕೆ ಬೆಳಕೇ ಬೇಕು.

ಮೂರೂವರೆ ಹೊತ್ತಿಗೆ ಮೋಡ ಸರಿದು ಬಿಸಿಲು ಓರೆಯಾಗಿ ಬಿತ್ತು. ನಾವು ಅಲ್ಲಿಯವರೆಗೆ ಸೂರ್ಯನಿಗೆ ಬೆನ್ನು ಹಾಕಿ ಉತ್ತರಕ್ಕೆ ನಡೆಯುತ್ತಿದ್ದೆವು. ತಿರುಗಿ ದಕ್ಷಿಣಕ್ಕೆ ಹೊರಟದ್ದೇ ತಡ, ಒದ್ದೆ ಜಲ್ಲಿಯ ನಡುವೆ ಒಂದು ಕಲ್ಲು ಒಳಗಿನಿಂದ ಹೊತ್ತಿಕೊಂಡಿತು. ಉಳಿದವೆಲ್ಲ ಮೇಲ್ಮೈ ಮಾತ್ರ ಮಿನುಗುತ್ತಿದ್ದವು, ಇದು ಬೆಳಕನ್ನು ಕುಡಿದು ಕೂತಿತ್ತು. ಹೆಬ್ಬೆರಳ ಉಗುರಿನಷ್ಟು. ಎತ್ತಿ ಹಿಡಿದರೆ ತಿಳಿ ಬೆಲ್ಲದ ಪಾಕದ ಬಣ್ಣ, ಒಂದು ಅಂಚಿನಿಂದ ಇನ್ನೊಂದಕ್ಕೆ ಕೂದಲೆಳೆಯಂಥ ಬಿಳಿ ಪಟ್ಟೆಗಳು. ಮೈಮೇಲೆ ಉಗುರು ಒತ್ತಿದ ಹಾಗೆ ಸಣ್ಣ ಸಣ್ಣ ಅರ್ಧಚಂದ್ರ ಗುರುತು, ಅಲೆಗಳಲ್ಲಿ ಬೇರೆ ಕಲ್ಲಿಗೆ ಬಡಿದು ಆದದ್ದು. ಅಪ್ಪ ಅದನ್ನು ಕಣ್ಣಿನ ಹತ್ತಿರ ಹಿಡಿದು ಪಾಠ ಶುರು ಮಾಡಿದರು. ಲಾವಾದಲ್ಲಿ ಗಾಳಿಗುಳ್ಳೆ ಉಳಿದ ಪೊಟರೆ, ಅದರೊಳಗೆ ಸಿಲಿಕಾ ತುಂಬಿದ ನೀರು ಇಳಿದು ಪದರ ಪದರವಾಗಿ ಕಟ್ಟಿದ್ದು, ಸುತ್ತಲಿನ ಬಂಡೆ ಸವೆದು ಹೋದರೂ ಇದು ಉಳಿದದ್ದು. ನನಗೆ ಒಂಬತ್ತನೇ ಕ್ಲಾಸಿನ ಬೆಂಚು ನೆನಪಾಯಿತು. ಆಗ ಒಂದು ಅಕ್ಷರ ತಲೆಗೆ ಹೋಗಿರಲಿಲ್ಲ.

ಆಮೇಲೆ ಕಣ್ಣು ಪಳಗಿತು. ಒಟ್ಟು ನಲವತ್ತೊಂದು: ಇಪ್ಪತ್ತಾರು ಅಗೇಟ್, ಬೆಳಕು ದಾಟದ ಕೆಂಪು ಹಸಿರು ಜಾಸ್ಪರ್ ಹನ್ನೆರಡು, ಎಳೆ ಎಳೆ ಕಾಣುವ ಕಲ್ಲಾದ ಮರದ ತುಂಡು ಮೂರು. ಗುಡ್ಡದ ಬುಡದಲ್ಲಿ ಬಿದ್ದ ಬೂದು ಕಲ್ಲಿನಲ್ಲಿ ಚಿಪ್ಪುಗಳ ಪಳೆಯುಳಿಕೆ ಕಂಡಿತು, ಫೋಟೋ ತೆಗೆದು ಬಿಟ್ಟು ಬಂದೆವು. ನಡುವೆ ನಾಯಿ ಹಿಡಿದುಕೊಂಡು ಖಾಕಿ ಜಾಕೆಟಿನ ಒಬ್ಬರು ನಮ್ಮತ್ತ ಬಂದಾಗ ಅಪ್ಪ ಸರ್ರನೆ ಒಳಕಿಸೆಗೆ ಕೈ ಹಾಕಿ ಕಾಗದ ಬಿಡಿಸಿದರು. ಆತ ನಮಸ್ಕಾರದ ಹಾಗೆ ಕೈಯೆತ್ತಿ ಮುಂದೆ ಹೋದ.

ಭಯವಾದದ್ದು ಒಂದೇ ಸಲ. ಸುಸ್ತಾಗಿ ಅಪ್ಪ ಒಂದು ದಿಮ್ಮಿಯ ಮೇಲೆ ಕೂತಿದ್ದರು. ಒಣಗಿದ ಮರಳೇ, ನೀರು ಇಪ್ಪತ್ತು ಮಾರು ದೂರ. "ಏಳಿ, ಏಳಿ!" ಅಂತ ಅಮ್ಮ ಕೂಗಿದ ದನಿಗೆ ನಾನು ತಲೆ ಎತ್ತುವಷ್ಟರಲ್ಲಿ ನೊರೆ ನನ್ನ ಬೂಟಿನ ಮೇಲೆ. ಅಪ್ಪನನ್ನು ಎಳೆದು ಗುಡ್ಡದ ಕಡೆ ನಾಲ್ಕು ಹೆಜ್ಜೆ ಹಾಕಿದೆ. ಹಿಂದೆ ತಿರುಗಿದರೆ ಅವರು ಕೂತಿದ್ದ ದಿಮ್ಮಿ ಅರ್ಧ ಸುತ್ತು ಉರುಳಿ ನಿಂತಿತ್ತು. ಯಾರೂ ಮಾತಾಡಲಿಲ್ಲ. ಅಲ್ಲಿಗೆ ಆ ದಿನದ ಹೆಕ್ಕುವುದು ಮುಗಿಯಿತು, ಇನ್ನೂ ಮುಕ್ಕಾಲು ಗಂಟೆ ಬೆಳಕಿದ್ದರೂ.

ಲೆಕ್ಕ ಬೇಕಾದವರಿಗೆ: ರೂಮುಗಳಿಗೆ 236, 104, ಈ ಸಲದ್ದು 112. ಮೂರು ಜೊತೆ ರಬ್ಬರ್ ಬೂಟು 84. ಪೆಟ್ರೋಲು ಎರಡು ಪ್ರಯಾಣಕ್ಕೆ 90. ಯಾಕ್ವಿನಾ ಹೆಡ್ 7. ಒಟ್ಟು 633 ಡಾಲರ್, ಕಲ್ಲೊಂದಕ್ಕೆ ಹದಿನೈದು ಚಿಲ್ಲರೆ. ಅಪ್ಪ ಅದನ್ನು ರೂಪಾಯಿಗೆ ಮಾಡಿ ನೋಡಿದರು. ಅಮ್ಮನಿಗೆ ಹೇಳಲಿಲ್ಲ.

ತಂದ ಕಲ್ಲನ್ನು ಎರಡು ದಿನ ಸಿಹಿನೀರಿನಲ್ಲಿ ನೆನೆಹಾಕಿ ಉಪ್ಪು ಬಿಡಿಸಿ, ಬ್ರಶ್ಶಿನಲ್ಲಿ ಉಜ್ಜಿ ಒಣಗಿಸಿದೆವು. ಊರಿಗೆ ಒಯ್ಯುವವರು ತೂಕ ಮರೆಯಬೇಡಿ, ಗ್ಯಾಲನ್ ಕ್ಯಾನು ತುಂಬಿದರೆ ಆರು ಕಿಲೋ ದಾಟುತ್ತದೆ, ಪೆಟ್ಟಿಗೆಗೆ 23 ಕಿಲೋ ಮಿತಿ. ಅಪ್ಪ ಒಂಬತ್ತನ್ನು ಆರಿಸಿ ಕಾಲುಚೀಲದೊಳಗೆ ತುರುಕಿದರು. ಆದರೂ ಅವರ ಪೆಟ್ಟಿಗೆ 23.6 ಬಂತು. ಕೌಂಟರಿನ ಮುಂದೆ ಪೆಟ್ಟಿಗೆ ಬಿಚ್ಚಿ, ಅಮ್ಮನಿಗೆ ನಾನು ತೆಗೆಸಿಕೊಟ್ಟ ಬಾದಾಮಿ ಪೊಟ್ಟಣ ಹೊರಗೆ ತೆಗೆದು ನನ್ನ ಕೈಗೆ ಕೊಟ್ಟರು. ಕಲ್ಲು ಹೋಯಿತು, ಬಾದಾಮಿ ಉಳಿಯಿತು.

ಟಂಬ್ಲರಿನಲ್ಲಿ ನಾಲ್ಕು ಹಂತ, ಒಂದೊಂದಕ್ಕೆ ಸುಮಾರು ಒಂದು ವಾರ, ಉಜ್ಜುವ ದಪ್ಪ ಪುಡಿಯಿಂದ ನುಣ್ಣನೆಯದಕ್ಕೆ. ಹಂತ ಮುಗಿದಾಗ ಬರುವ ಬೂದು ಕೆಸರನ್ನು ಸಿಂಕಿಗೆ ಸುರಿಯಬೇಡಿ, ಪೈಪಿನಲ್ಲಿ ಸಿಮೆಂಟಿನ ಹಾಗೆ ಕೂರುತ್ತದೆ. ಬಕೆಟಿನಲ್ಲಿ ತಂಗಲು ಬಿಟ್ಟು, ಮೇಲಿನ ನೀರು ಹೊರಗೆ ಚೆಲ್ಲಿ, ಗಸಿಯನ್ನು ಕಸಕ್ಕೆ ಹಾಕಿ.

ನಿನ್ನೆ ರಾತ್ರಿ ಅಪ್ಪ ವಿಡಿಯೋ ಕಾಲ್ ಮಾಡಿದ್ದರು. ಒಂಬತ್ತು ಕಲ್ಲೂ ಸ್ಟೀಲಿನ ಬಟ್ಟಲಿನಲ್ಲಿ, ನೀರು ಹಾಕಿ, ಜಗಲಿಯ ಕಟ್ಟೆ ಮೇಲೆ ಇಟ್ಟಿದ್ದಾರೆ. ಒಣಗಿದರೆ ಮಂಕಾಗುತ್ತದಂತೆ, ಬಂದವರಿಗೆ ತೋರಿಸಲಿಕ್ಕೆ ಆಗುವುದಿಲ್ಲವಂತೆ. ಅಮ್ಮ ಹಿಂದಿನಿಂದ, "ಆ ಬಟ್ಟಲು ನನಗೆ ಪಾಯಸಕ್ಕೆ ಬೇಕು" ಅನ್ನುತ್ತಿದ್ದರು. ನಾನು ನಾಡಿದ್ದು ಎರಡನೇ ಹಂತದ ಕೆಸರು ತೊಳೆಯಬೇಕು.